ಮದ್ಯದ ಬೆಲೆ ಏರಿದರೆ ವಿಪರೀತ ಕುಡಿತ ಇಳಿಯುವುದೇ? – ಒಂದು ವಿಮರ್ಶೆ

ಮದ್ಯದ ಮೇಲಿನ ಸುಂಕ ಏರಿದಾಗಲೆಲ್ಲ ಎರಡು ವಾದಗಳು ಕೇಳಿಬರುತ್ತವೆ. ಬೆಲೆ ಹೆಚ್ಚಿದರೆ ಕುಡಿತ ತಾನಾಗಿ ತಗ್ಗುತ್ತದೆ ಎಂಬುದು ಒಂದು. ಕುಡಿಯುವವನು ಸಾಲ ಮಾಡಿಯಾದರೂ ಕುಡಿಯುತ್ತಾನೆ ಎಂಬುದು ಇನ್ನೊಂದು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ಸೀಮೆಯಲ್ಲೂ ಈ ಎರಡೂ ಮಾತುಗಳು ಹೊಸತಲ್ಲ. ಎರಡರಲ್ಲೂ ಅರ್ಧ ಸತ್ಯವಿದೆ. ಉಳಿದರ್ಧ ಎಲ್ಲಿ ತಪ್ಪುತ್ತದೆ ಎಂಬುದನ್ನು ಅಳತೆಯ ದೃಷ್ಟಿಯಿಂದ ಪರಿಶೀಲಿಸೋಣ.

ಅಳೆಯುವುದು ಏನನ್ನು?

ಒಂದೇ ಸಂದರ್ಭದಲ್ಲಿ 60 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಶುದ್ಧ ಎಥನಾಲ್ ಸೇವಿಸುವುದನ್ನು ವಿಶ್ವ ಆರೋಗ್ಯ ಸಂಸ್ಥೆ ವಿಪರೀತ ಕುಡಿತವೆಂದು ಪರಿಗಣಿಸುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಮಾರಾಟವಾಗುವ 90 ಮಿಲಿಲೀಟರ್ ಪ್ಯಾಕೆಟ್ಟನ್ನು ತೆಗೆದುಕೊಳ್ಳಿ. ಅದರಲ್ಲಿ ಎಥನಾಲ್ ಪ್ರಮಾಣ ಗಾತ್ರದಲ್ಲಿ ಶೇ. 42.8, ಅಂದರೆ 38.5 ಮಿ.ಲೀ. ಎಥನಾಲಿನ ಸಾಂದ್ರತೆ ಮಿ.ಲೀ.ಗೆ 0.789 ಗ್ರಾಂ. ಗುಣಿಸಿದರೆ ಸುಮಾರು 30.4 ಗ್ರಾಂ. ಸಂಜೆ ಎರಡು ಪ್ಯಾಕೆಟ್ ಮುಗಿಸಿದವನು ಆಗಲೇ ಈ ಮಿತಿಯನ್ನು ದಾಟಿರುತ್ತಾನೆ. ‘ಎರಡೇ ಪ್ಯಾಕೆಟ್’ ಎಂಬ ಮಾತು ಎಷ್ಟು ಹುಸಿ ಎಂಬುದನ್ನು ಗಮನಿಸಿ.

ಎರಡು ಸಮೀಕ್ಷೆಗಳು, ಎರಡು ತೀರ್ಮಾನಗಳು

2009ರಲ್ಲಿ ಅಮೆರಿಕದ ಅಲೆಕ್ಸಾಂಡರ್ ವಾಗೆನಾರ್ ಮತ್ತು ಸಂಗಡಿಗರು 112 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ಬೆಲೆ ಶೇ. 10ರಷ್ಟು ಏರಿದರೆ ಬಿಯರಿನ ಬಳಕೆ ಶೇ. 4.6ರಷ್ಟು, ವಿಸ್ಕಿ, ರಮ್ಮಿನಂಥ ಬಟ್ಟಿ ಇಳಿಸಿದ ಮದ್ಯದ ಬಳಕೆ ಶೇ. 8ರಷ್ಟು ಇಳಿಯುತ್ತದೆ ಎಂಬುದು ಅವರು ಪಡೆದ ಸರಾಸರಿ. ಆದರೆ ವಿಪರೀತ ಕುಡಿತ ಇಳಿಯುವುದು ಶೇ. 2.8 ಮಾತ್ರ. ಅರ್ಥಶಾಸ್ತ್ರಜ್ಞರು ಇದನ್ನೂ ಸ್ಥಿತಿಸ್ಥಾಪಕತ್ವ ಎಂದೇ ಕರೆಯುತ್ತಾರೆ. ಒಂದೇ ಬಲಕ್ಕೆ ರಬ್ಬರು ಹಿಗ್ಗುವಷ್ಟು ಉಕ್ಕು ಹಿಗ್ಗದು. ಹಾಗೆಯೇ ಬೆಲೆಯ ಎಳೆತಕ್ಕೆ ಮಿತವಾಗಿ ಕುಡಿಯುವವನು ಬಾಗುವಷ್ಟು ಚಟಕ್ಕೆ ಬಿದ್ದವನು ಬಾಗುವುದಿಲ್ಲ.

2015ರಲ್ಲಿ ಪೆನ್ಸಿಲ್ವೇನಿಯಾದ ಅರ್ಥಶಾಸ್ತ್ರಜ್ಞ ಜಾನ್ ನೆಲ್ಸನ್, ವಿಪರೀತ ಕುಡಿತವನ್ನೇ ಕುರಿತ 56 ಅಧ್ಯಯನಗಳನ್ನು ಪರಿಶೀಲಿಸಿ, ಬೆಲೆ ಏರಿಕೆಯಿಂದ ಅದು ತಗ್ಗುವ ಸಂಭವ ಕಡಿಮೆ ಎಂದು ತೀರ್ಮಾನಿಸಿದರು. ಬೆಲೆ ಏರಿಕೆಯನ್ನು ವಿರೋಧಿಸುವವರಿಗೆ ಇದು ಒಳ್ಳೆಯ ಆಧಾರವಾಗಿ ಕಾಣಬಹುದು. ಆದರೆ ಇಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು, ‘ಪರಿಣಾಮ ಕಾಣಲಿಲ್ಲ’ ಎಂಬುದೂ ‘ಪರಿಣಾಮ ಇಲ್ಲ’ ಎಂಬುದೂ ಒಂದೇ ಅಲ್ಲ. ಸೂಕ್ಷ್ಮತೆ ಸಾಲದ ಗ್ಯಾಲ್ವನೋಮೀಟರಿನ ಮುಳ್ಳು ಅಲ್ಲಾಡದಿದ್ದರೆ ಮಂಡಲದಲ್ಲಿ ವಿದ್ಯುತ್ತೇ ಹರಿಯುತ್ತಿಲ್ಲ ಎಂದು ಯಾವ ವಿದ್ಯಾರ್ಥಿಯೂ ಬರೆಯಬಾರದು. ಎರಡನೆಯದು, ಮಿತಿ ದಾಟಿದನೇ ಇಲ್ಲವೇ ಎಂದಷ್ಟೇ ಕೇಳುವ ಅಳತೆ ಬಹಳ ಒರಟು. 150 ಗ್ರಾಂ ಕುಡಿಯುತ್ತಿದ್ದವನು 90 ಗ್ರಾಂಗೆ ಇಳಿದರೂ ಆ ಪಟ್ಟಿಯಲ್ಲಿ ಅವನು ‘ಬದಲಾಗದವನು’. ಅವನ ಯಕೃತ್ತಿಗೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ.

ಸಂಸಾರದ ಲೆಕ್ಕ

ವಾಗೆನಾರ್ ಅವರ ಅಂಕಿಯನ್ನೇ ಒಪ್ಪಿದರೂ ಒಂದು ಪ್ರಶ್ನೆ ಉಳಿಯುತ್ತದೆ. ಬೆಲೆ 1.10 ಪಟ್ಟಾಗಿ, ಬಳಕೆ 0.972 ಪಟ್ಟಾದರೆ ಖರ್ಚು ಎಷ್ಟು? 1.069 ಪಟ್ಟು. ಕೊನೆ ಕೊಯ್ಲಿನ ದಿನಗಳಲ್ಲಿ ವಾರಕ್ಕೆ 300 ರೂಪಾಯಿ ಕುಡಿತಕ್ಕೆ ತೆಗೆಯುತ್ತಿದ್ದವನ ಮನೆಯಿಂದ ಈಗ ಸುಮಾರು 321 ರೂಪಾಯಿ ಹೋಗುತ್ತದೆ. ಕುಡಿತ ತುಸು ಇಳಿದದ್ದೂ ನಿಜ, ಅಕ್ಕಿ-ಬೇಳೆಗೆ ಉಳಿಯುವ ಹಣ ಕರಗಿದ್ದೂ ನಿಜ. ಅಂಥ ಮನೆಯ ಹೆಂಗಸರ ಲೆಕ್ಕದಲ್ಲಿ ಎರಡನೆಯದೇ ದೊಡ್ಡದು. ಸುಂಕದಿಂದ ಬಂದ ಹಣದ ಒಂದು ಪಾಲು ವ್ಯಸನಮುಕ್ತಿ ಚಿಕಿತ್ಸೆಯಾಗಿ ತಾಲ್ಲೂಕು ಆಸ್ಪತ್ರೆಗೆ ಮರಳದಿದ್ದರೆ, ಈ ನೀತಿಯ ಹೊರೆ ಕುಡಿಯದವರ ಮೇಲೇ ಬೀಳುತ್ತದೆ.

ನಮ್ಮ ನೆಲದ ಅನುಭವ

ಈ ಮೂರು ತಾಲ್ಲೂಕುಗಳು 1956ರವರೆಗೆ ಮುಂಬಯಿ ರಾಜ್ಯದಲ್ಲಿದ್ದವು. 1949ರ ಮುಂಬಯಿ ಪಾನನಿರೋಧ ಕಾಯಿದೆಯ ವ್ಯಾಪ್ತಿಗೆ ಒಳಪಟ್ಟಿದ್ದವು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಸಾರಾಯಿ ಹೋಯಿತು, ಅದರ ಜಾಗಕ್ಕೆ ಅಗ್ಗದ ವಿಸ್ಕಿ, ರಮ್ಮುಗಳ ಪ್ಯಾಕೆಟ್ ಬಂತು. ಒಂದು ಬಾಗಿಲು ಮುಚ್ಚಿದಾಗ ಪಕ್ಕದ ಬಾಗಿಲು ತೆರೆದಿದ್ದರೆ ಜನ ಅಲ್ಲಿಗೆ ಸರಿಯುತ್ತಾರೆ.

2023ರ ಜುಲೈ ಬಜೆಟ್ಟಿನಲ್ಲಿ ಮದ್ಯದ ಎಲ್ಲ 18 ಬೆಲೆಹಂತಗಳ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇ. 20ರಷ್ಟು ಏರಿಸಲಾಯಿತು. ನ್ಯಾಯವಾಗಿ ಕಾಣುವ ಈ ಕ್ರಮದಲ್ಲಿ ಒಂದು ಲೋಪವಿದೆ. ಉದಾಹರಣೆಗೆ, ಅಗ್ಗದ ಮದ್ಯಕ್ಕೆ 100 ರೂ., ದುಬಾರಿಗೆ 500 ರೂ. ಸುಂಕವಿತ್ತೆನ್ನಿ. ಶೇ. 20 ಏರಿದರೆ ಅವು 120 ಮತ್ತು 600 ಆಗುತ್ತವೆ. ನಡುವಿನ ಅಂತರ 400ರಿಂದ 480ಕ್ಕೆ ಹಿಗ್ಗಿತು. ಕುಡಿಯುವವನು ಗ್ರಾಂ ಎಣಿಕೆ ಬಿಡದೆ ಹಂತ ಮಾತ್ರ ಇಳಿಯಬಹುದು. 2024ರ ಆಗಸ್ಟಿನಲ್ಲಿ ದುಬಾರಿ ಮದ್ಯದ ಸುಂಕವನ್ನು, ನೆರೆರಾಜ್ಯಗಳ ಬೆಲೆಗೆ ಹೊಂದಿಸಲೆಂದು, ಇಳಿಸಲಾಯಿತು. 2025-26ರ ಬಜೆಟ್ಟಿನಲ್ಲಿ ಅಬಕಾರಿ ಆದಾಯದ ಗುರಿ 40,000 ಕೋಟಿ ರೂ. ಆಗಿತ್ತು. ಬಳಕೆ ತಗ್ಗಬೇಕೆಂಬ ಆಶಯವೂ ಆದಾಯ ಏರಬೇಕೆಂಬ ಗುರಿಯೂ ಎಲ್ಲಿಯವರೆಗೆ ಜೊತೆಯಾಗಿ ಸಾಗಬಲ್ಲವು?

ಗಡಿಯ ಮಾತನ್ನೂ ಮರೆಯುವಂತಿಲ್ಲ. ನಮ್ಮ ಜಿಲ್ಲೆಗೆ ಗೋವಾ ನೆರೆ. ಅಲ್ಲಿಯ ಅಗ್ಗದ ಮದ್ಯಕ್ಕೆ ಮಾಜಾಳಿ, ಅನಮೋಡ ತಪಾಸಣಾ ಠಾಣೆಗಳೇ ಅಡ್ಡಗಟ್ಟೆ. ಅಡ್ಡಗಟ್ಟೆ ಸೋರಿದರೆ, ಇಲ್ಲಿ ಏರಿಸಿದ ಬೆಲೆ ಅಲ್ಲಿಯ ಮಾಲಿಗೆ ಗಿರಾಕಿ ಹುಡುಕಿಕೊಡುತ್ತದೆ.

ಕೂಲಿಯ ಏರಿಕೆಯನ್ನೂ ಜೊತೆಗಿಡಬೇಕು. ಉದ್ಯೋಗ ಖಾತರಿ ಯೋಜನೆಯಲ್ಲಿ ಕರ್ನಾಟಕದ ದಿನಗೂಲಿ 2013-14ರಲ್ಲಿ 174 ರೂ. ಇದ್ದದ್ದು 2024-25ರಲ್ಲಿ 349 ರೂ. ಆಯಿತು. ಇದೇ ಅವಧಿಯಲ್ಲಿ ಪ್ಯಾಕೆಟ್ಟಿನ ಬೆಲೆ ಇಮ್ಮಡಿಯಾಗಿದ್ದರೂ, ಕೂಲಿಗೆ ಹೋಲಿಸಿದರೆ ಅದು ಎಳ್ಳಷ್ಟೂ ಏರಿದಂತಲ್ಲ.

ಹಾಗಾದರೆ ಯಾವ ಬೆಲೆ?

ಸ್ಕಾಟ್ಲೆಂಡ್ 2018ರ ಮೇ 1ರಿಂದ ಬೇರೆ ದಾರಿ ಹಿಡಿಯಿತು. 8 ಗ್ರಾಂ ಎಥನಾಲಿಗೆ 50 ಪೆನ್ಸ್‌ಗಿಂತ ಕಡಿಮೆಗೆ ಯಾವ ಮದ್ಯವನ್ನೂ ಮಾರುವಂತಿಲ್ಲ ಎಂದು ಅಲ್ಲಿ ಕಾನೂನಾಯಿತು. ಅಂದರೆ ಏರಿಸಿದ್ದು ಸರಾಸರಿಯನ್ನಲ್ಲ, ತಳವನ್ನು. 2023ರ ಮೌಲ್ಯಮಾಪನದಂತೆ ಮಾರಾಟ ಸುಮಾರು ಶೇ. 3, ಮದ್ಯದಿಂದಲೇ ಆಗುವ ಸಾವುಗಳು ಶೇ. 13.4ರಷ್ಟು ತಗ್ಗಿದವು. ಆದರೆ ತೀವ್ರ ವ್ಯಸನಿಗಳು ಕುಡಿತ ಕಡಿಮೆ ಮಾಡಿದರೆಂಬುದಕ್ಕೆ ಸ್ಪಷ್ಟ ಪುರಾವೆ ಸಿಗಲಿಲ್ಲ. ಕೆಲವರು ಊಟದ ಖರ್ಚನ್ನೇ ಕಡಿತಗೊಳಿಸಿದ್ದರು.

ಆದ್ದರಿಂದ ‘ಬೆಲೆ ಏರಿಸಬೇಕೇ ಬೇಡವೇ’ ಎಂಬ ಪ್ರಶ್ನೆಯೇ ಅಪೂರ್ಣ. ಒಂದು ದಿನದ ಕೂಲಿಗೆ, ಸಿಗುವ ಮದ್ಯಗಳಲ್ಲೆಲ್ಲ ಅತಿ ಅಗ್ಗವಾದುದು ಎಷ್ಟು ಗ್ರಾಂ ಎಥನಾಲ್ ಕೊಡುತ್ತದೆ? ಈ ಸಂಖ್ಯೆ ಇಳಿದರೆ ಮಾತ್ರ ತೆರಿಗೆಯಿಂದ ಆರೋಗ್ಯಕ್ಕೆ ಲಾಭ. ವ್ಯಸನಿಗೆ ಅದರೊಂದಿಗೆ ಚಿಕಿತ್ಸೆಯೂ ಬೇಕು.

ಅಧ್ಯಾಪಕರು ಇದನ್ನು ತರಗತಿಯಲ್ಲೇ ಮಾಡಿಸಬಹುದು. ಅಂಗಡಿಗೆ ಹೋಗಬೇಕಿಲ್ಲ. ರಸ್ತೆಬದಿಯಲ್ಲಿ ಬಿದ್ದ ಖಾಲಿ ಪ್ಯಾಕೆಟ್ಟಿನ ಮೇಲೆ ಗಾತ್ರ, ಶೇಕಡಾವಾರು, ಬೆಲೆ ಮೂರೂ ಅಚ್ಚಾಗಿರುತ್ತವೆ. ಸಾಂದ್ರತೆ ಮೇಲೆಯೇ ಇದೆ. ಗ್ರಾಂಗೆ ಎಷ್ಟು ರೂಪಾಯಿ ಎಂದು ಲೆಕ್ಕ ಹಾಕಿ, ನಿಮ್ಮೂರಿನ ದಿನಗೂಲಿಯೊಂದಿಗೆ ಹೋಲಿಸಿ. ಮುಂದಿನ ಬಜೆಟ್ಟಿನ ನಂತರ ಮತ್ತೊಮ್ಮೆ ಅಳೆಯಿರಿ.