ಯಾದೃಚ್ಛಿಕ ದತ್ತಾಂಶವೂ ಕಾಲನಿರ್ಣಯವೂ

ಶಾಸನವೊಂದರಲ್ಲಿ ಏನು ಬರೆದಿದೆಯೆಂಬುದರಷ್ಟೇ ಅದು ಯಾವಾಗ ಹುಟ್ಟಿತೆಂಬುದೂ ಮುಖ್ಯವೆಂದು ಇತಿಹಾಸದ ವಿದ್ಯಾರ್ಥಿಗಳಿಗೆ ಹೇಳಬೇಕಾದುದಿಲ್ಲ. ಗಂಗರ ತಾಮ್ರಪಟಗಳಲ್ಲಿ ಹಲವನ್ನು ಫ್ಲೀಟರು ಕೃತಕವೆಂದು ತಳ್ಳಿಹಾಕಿದುದಕ್ಕೆ, ಅವುಗಳ ಲಿಪಿ ತಾನು ಹೇಳಿಕೊಂಡ ಕಾಲಕ್ಕಿಂತ ಈಚಿನದೆಂಬುದೇ ಒಂದು ಪ್ರಬಲ ಕಾರಣವಾಗಿದ್ದಿತು. ಅದೇ ದೃಷ್ಟಿಯಿಂದ ಗಣಕಶಾಸ್ತ್ರದ ಒಂದು ಪ್ರಮಾಣಗ್ರಂಥವನ್ನು, ಎಂದರೆ ವರ್ಟಿಯೊ 1.0 ನಿರ್ದಿಷ್ಟತೆಯ ಎಂಟ್ರೊಪಿ ಸಾಧನದ ಪ್ರಕರಣವನ್ನು, ಇಲ್ಲಿ ಪರಿಶೀಲಿಸಿದ್ದೇವೆ.

ಇತಿಹಾಸ ವಿಭಾಗಕ್ಕೆ ಈ ಉಸಾಬರಿಯೇಕೆಂದು ಕೆಲವರು ಕೇಳಬಹುದು. ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ದತ್ತಿಗಳಿಗೆ ಅಲ್ಲಿಯ ಕಲ್ಲುಗಳೇ ಸಾಕ್ಷಿ. ಇಂದು ದಾವಣಗೆರೆ, ಹರಿಹರ ತಾಲ್ಲೂಕುಗಳ ರೈತನ ಪಹಣಿ ಇರುವುದು ‘ಭೂಮಿ’ ಗಣಕದಲ್ಲಿ. ಅದರ ಪ್ರತಿಗೆ ಡಿಜಿಟಲ್ ಸಹಿಯೇ ಮುದ್ರೆ. ಯಾವುದೇ ಡಿಜಿಟಲ್ ಸಹಿ ನಿಂತಿರುವುದು ರಹಸ್ಯ ಕೀಲಿಯ ಮೇಲೆ. ಕೀಲಿ ನಿಂತಿರುವುದು ಯಾರೂ ಊಹಿಸಲಾರದ ಸಂಖ್ಯೆಯ ಮೇಲೆ. ಆ ಸಂಖ್ಯೆ ದುರ್ಬಲವಾದರೆ ಮುದ್ರೆಯ ಅಚ್ಚು ಪರರ ಕೈಸೇರಿದಂತೆಯೇ ಸರಿ.

ನಿಜವಾದ ಯಂತ್ರವು ಡಿಸ್ಕು, ಕೀಲಿಮಣೆ ಮೊದಲಾದವುಗಳ ಅನಿಯತ ಚಲನೆಯಿಂದ ಅಂಥ ಸಂಖ್ಯೆಗಳನ್ನು ಕೂಡಿಸಿಕೊಳ್ಳುತ್ತದೆ. ಒಂದೇ ಪಡಿಯಚ್ಚಿನಿಂದ ಆಗತಾನೆ ಎದ್ದ ವರ್ಚುಯಲ್ ಯಂತ್ರಕ್ಕಾದರೋ ಅಂಥ ಅನುಭವ ಅತ್ಯಲ್ಪ. ಆದುದರಿಂದ ಅತಿಥಿಯಂತ್ರದ ಡ್ರೈವರು ಬರಿದಾದ ಬಫರುಗಳನ್ನು ಸಾಲಿನಲ್ಲಿ ಇಡುವುದು, ಆತಿಥೇಯ ಯಂತ್ರವು ಯಾದೃಚ್ಛಿಕ ಬೈಟುಗಳನ್ನು ಅವುಗಳಲ್ಲಿ ತುಂಬುವುದು — ಇದೇ ವರ್ಟಿಯೊದ ಏರ್ಪಾಡು.

ಪ್ರಕರಣದ ಸಂಕ್ಷೇಪವು ಮೆಚ್ಚತಕ್ಕದ್ದು. ಸಾಧನವು ಬಫರನ್ನು ಪೂರ್ತಿ ತುಂಬದಿರಬಹುದು; ಎಷ್ಟು ಬಂದಿತೆಂದು ಡ್ರೈವರು ಎಣಿಸಿಕೊಳ್ಳಲೇಬೇಕು ಎಂಬ ವಿಧಿಯೂ ಉಚಿತವೇ. ಆದರೆ ಬೈಟುಗಳು ಉತ್ತಮ ಗುಣದವೆಂದು ಹೇಳುವ ಗ್ರಂಥವು ಆ ಗುಣಕ್ಕೆ ಅಳತೆಯನ್ನು ಕೊಡುವುದಿಲ್ಲ. ಯಾವಾಗ ಬರಬೇಕೆಂಬ ವಿಷಯದಲ್ಲಂತೂ ಪೂರ್ಣ ಮೌನ. ಈ ಮೌನವೇ ನಮ್ಮ ಮುಖ್ಯ ಆಕ್ಷೇಪ. ಭದ್ರಾ ನಾಲೆಯ ಕೊನೆಯಂಚಿನ ಗದ್ದೆಯವರು ಇದನ್ನು ಬೇಗ ಗ್ರಹಿಸಿಯಾರು: ಸಸಿಮಡಿಯ ಕಾಲ ಕಳೆದ ಮೇಲೆ ಬರುವ ನೀರು ಎಷ್ಟು ತಿಳಿಯಾಗಿದ್ದರೇನು?

2014ರಲ್ಲಿ ಲಿನಕ್ಸ್‌ನೊಳಗೆ ಈ ತೊಡಕು ಪ್ರತ್ಯಕ್ಷವಾಯಿತು. ಡ್ರೈವರು ನೋಂದಾಯಿತವಾದೊಡನೆ 16 ಬೈಟುಗಳನ್ನು ಪಡೆದು ಬೀಜವಾಗಿ ಬಳಸುವ ಕ್ರಮವು ಆಗ ಬಂದಿತು. ಆದರೆ ವರ್ಟಿಯೊ ಸಾಧನವು ಆ ಗಳಿಗೆಯಲ್ಲಿ ಕೊಡಲು ಸಿದ್ಧವಾಗಿಯೇ ಇರಲಿಲ್ಲ! ಸಾಧನವು ಸಿದ್ಧವಾಗುವವರೆಗೆ ನೋಂದಣಿಯನ್ನೇ ತಡೆದು, ಅದೇ ವರ್ಷ ಇದನ್ನು ಸರಿಪಡಿಸಲಾಯಿತು. ಬೂಟ್‌ನ ಅನುಕ್ರಮವು ಅತಿಥಿಯಂತ್ರದ ವಿಷಯ, ಸಾಧನಗ್ರಂಥದ್ದಲ್ಲ ಎಂಬ ಸಮಾಧಾನವುಂಟು. ಅದರಲ್ಲಿ ಅರ್ಧ ಸತ್ಯವಿದೆ. ಡ್ರೈವರು ಏಳುವುದಕ್ಕೂ ಮುಂಚೆ ಫರ್ಮ್‌ವೇರೇ ಬೀಜವನ್ನು ಕೊಡುವ ಪದ್ಧತಿಯೂ ಈಗ ಬಳಕೆಗೆ ಬಂದಿರುವುದು ಆ ಮೌನವು ನಿರಪಾಯಕರವಲ್ಲವೆಂಬುದನ್ನೇ ತೋರಿಸುತ್ತದೆ.

ಅಪಾಯವು ಕಲ್ಪಿತವಲ್ಲ. ನಾದಿಯಾ ಹೆನಿಂಗರ್ ಮತ್ತು ಸಂಗಡಿಗರು 2012ರಲ್ಲಿ ಅಂತರಜಾಲವನ್ನೆಲ್ಲ ಜಾಲಿಸಿ, ಟಿಎಲ್‌ಎಸ್ ಬಳಸುವ ಯಂತ್ರಗಳಲ್ಲಿ ಶೇಕಡಾ 0.50ರಷ್ಟರ ಆರ್‌ಎಸ್‌ಎ ರಹಸ್ಯ ಕೀಲಿಗಳನ್ನು ಗಣಿತದಿಂದಲೇ ಬಿಡಿಸಿದರು. ಅವುಗಳಲ್ಲಿ ಬಹುಪಾಲು ರೌಟರಿನಂಥ ಸಣ್ಣ ಯಂತ್ರಗಳು, ವರ್ಚುಯಲ್ ಯಂತ್ರಗಳಲ್ಲ. ಆದರೆ ದೋಷದ ಮೂಲವೊಂದೇ — ಬೀಜ ಕೂಡಿಬರುವ ಮೊದಲೇ ಕೀಲಿಯನ್ನು ಹುಟ್ಟಿಸಿದುದು.

ನಿರ್ದಿಷ್ಟತೆಯ ಮುಂದಿನ ಪರಿಷ್ಕರಣದಲ್ಲಿ ಡ್ರೈವರಿನ ವಿಧಿಗಳಿಗೆ ಇನ್ನೊಂದನ್ನು ಸೇರಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ: ಮೊದಲ ಬೈಟು ಅತಿಥಿಯಂತ್ರಕ್ಕೆ ತಲುಪಿದ ಗಳಿಗೆಯನ್ನು ಅದರ ದಿನಚರಿಯಲ್ಲಿ ಬರೆದಿಡತಕ್ಕದ್ದು. ಕೀಲಿಯು ಅದಕ್ಕೆ ಹಿಂದೆ ಹುಟ್ಟಿತೋ ಮುಂದೆ ಹುಟ್ಟಿತೋ ಎಂಬುದನ್ನು ಪರೀಕ್ಷಕನು ಆಗ ನಿರ್ಣಯಿಸಬಲ್ಲನು.