ಅಗ್ಗದ ಹವಳತೊಟ್ಟಿ: ಯಾರ ಖರ್ಚಿನಲ್ಲಿ?

ಚೆನ್ನೈಯ ಕೊಳತ್ತೂರಿನಲ್ಲಿ ಬಣ್ಣದ ಮೀನು ಅಗ್ಗವಾಗಿರುವುದಕ್ಕೆ ನ್ಯಾಯವಾದ ಕಾರಣವಿದೆ. ಗಪ್ಪಿ, ಮಾಲಿ, ಏಂಜೆಲ್, ಗೋಲ್ಡ್‌ಫಿಶ್‌ಗಳನ್ನು ಆ ಸುತ್ತಿನ ಜನ ಸಿಮೆಂಟ್ ತೊಟ್ಟಿಗಳಲ್ಲಿ ತಾವೇ ಮರಿ ಮಾಡಿಸಿ ಬೆಳೆಸುತ್ತಾರೆ. ಆ ಬೆಲೆಯಲ್ಲಿ ದುಡಿಮೆಯಿದೆ, ಕೈಚಳಕವಿದೆ. ಉಪ್ಪುನೀರಿನ ಮೀನಿನ ಕಥೆ ಬೇರೆ. ಅದರಲ್ಲಿ ಬಹುಪಾಲು ಕಡಲಿನಿಂದ ಹಿಡಿದು ತಂದದ್ದು. ಅದು ಅಗ್ಗವಾಗಿ ಸಿಕ್ಕರೆ ಯಾರೋ ಚೆನ್ನಾಗಿ ಬೆಳೆಸಿದರು ಎಂದಲ್ಲ, ಕಡಲಿಗೆ ಯಾರೂ ಬೆಲೆ ಕಟ್ಟಲಿಲ್ಲ ಎಂದರ್ಥ. ಸಿಹಿನೀರಿನ ದರಕ್ಕೆ ಒಗ್ಗಿಹೋದ ಗಿರಾಕಿ ಅದೇ ಮನಸ್ಸಿನಲ್ಲಿ ‘ಕಡಿಮೆ ಬಜೆಟ್ಟಿನ ರೀಫ್ ಟ್ಯಾಂಕ್’ ಕೇಳಿದಾಗ ಈ ವ್ಯತ್ಯಾಸ ಮರೆಯಾಗುತ್ತದೆ. ಚೆನ್ನೈಯಲ್ಲಿ ಕಡಿಮೆ ಖರ್ಚಿನ ಹವಳತೊಟ್ಟಿ ಸಾಧ್ಯವಿಲ್ಲ ಎಂದು ನಾನು ಹೇಳುತ್ತಿಲ್ಲ, ಖಂಡಿತ ಸಾಧ್ಯ. ಆದರೆ ಆ ಹೆಸರಿನಲ್ಲಿ ಈಗ ರೂಢಿಯಾಗಿರುವ ಪದ್ಧತಿ ಉಳಿಸಬಾರದ ಕಡೆ ಉಳಿಸುತ್ತದೆ, ಕೊಳ್ಳಬಾರದ್ದನ್ನು ಕೊಳ್ಳುತ್ತದೆ.

ಮೊದಲ ತಪ್ಪು ತೊಟ್ಟಿಯ ಗಾತ್ರದಲ್ಲೇ ಆಗುತ್ತದೆ. ಪುಟ್ಟ ತೊಟ್ಟಿಗೆ ಪುಟ್ಟ ಖರ್ಚು ಎಂಬುದು ಗಾಜಿನ ಮಟ್ಟಿಗೆ ನಿಜ, ನೀರಿನ ಮಟ್ಟಿಗೆ ಅಲ್ಲ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿರುತ್ತದೆ. ನೀರು ಆವಿಯಾಗುತ್ತದೆ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. 30 ಲೀಟರಿನ ತೊಟ್ಟಿಯಿಂದ ದಿನಕ್ಕೊಂದು ಲೀಟರ್ ಆರಿಹೋದರೆ ಮೂರೇ ದಿನದಲ್ಲಿ ಆ 35 ಎಂಬುದು 39ರ ಹತ್ತಿರ ಬಂದು ನಿಲ್ಲುತ್ತದೆ. 100 ಲೀಟರಿನ ತೊಟ್ಟಿಯಲ್ಲಿ ಅಷ್ಟೇ ನೀರು ಆರಿದರೆ 36ಕ್ಕೆ ಬರುತ್ತದೆ. ಮೂರು ದಿನ ಊರಿಗೆ ಹೋಗಿಬರುವ ಮನೆಯಲ್ಲಿ ಈ ಅಂತರ ಜೀವ ಉಳಿಯುವುದಕ್ಕೂ ಹೋಗುವುದಕ್ಕೂ ಇರುವ ಅಂತರ. ಹೊಸಬರ ಕೈಗೆ ಸಣ್ಣ ತೊಟ್ಟಿ ಕೊಡುವುದೆಂದರೆ ಪಳಗಿದವರಿಗೂ ಕಷ್ಟವಾದದ್ದನ್ನು ಅವರಿಗೆ ವಹಿಸಿದಂತೆ.

ಸೆಕೆಯ ವಿಚಾರದಲ್ಲಿ ಎರವಲು ಸಲಹೆ ಇನ್ನಷ್ಟು ದಾರಿ ತಪ್ಪಿಸುತ್ತದೆ. ಚಳಿದೇಶಗಳ ಪಟ್ಟಿಯಲ್ಲಿ ಹೀಟರ್ ಕಡ್ಡಾಯ. ಚೆನ್ನೈಯಲ್ಲಿ ಅದಕ್ಕೆ ಕೆಲಸವೇ ಇಲ್ಲ. ಬೆಂಗಳೂರಿನ ಹವೆಯಲ್ಲಿ ವರ್ಷದ ಬಹುಕಾಲ ನೀರು ತಣಿಸುವ ಚಿಲ್ಲರ್ ಇಲ್ಲದೆ ನಡೆದೀತು. ಆ ಅನುಭವವನ್ನು ಹಾಗೆಯೇ ಎತ್ತಿ ಚೆನ್ನೈಗೆ ತಂದರೆ ಮೇ ತಿಂಗಳಲ್ಲಿ ತೊಟ್ಟಿ ಕುದಿಯುತ್ತದೆ. ಹವಳಗಳು ಬೇಸಿಗೆಯ ಮಾಮೂಲಿ ಗರಿಷ್ಠಕ್ಕಿಂತ ಒಂದು ಡಿಗ್ರಿ ಹೆಚ್ಚಿನ ಶಾಖವನ್ನು ಕೆಲವು ವಾರ ಸಹಿಸಬೇಕಾಗಿ ಬಂದರೂ ತಮ್ಮೊಳಗಿನ ಪಾಚಿಯನ್ನು ಕಳೆದುಕೊಂಡು ಬಿಳಿಚುತ್ತವೆ. 2010ರಲ್ಲಿ, ಮತ್ತೆ 2016ರಲ್ಲಿ ಮನ್ನಾರ್ ಕೊಲ್ಲಿಯ ಹವಳಗಳಿಗೆ ಆದದ್ದು ಅದೇ. ನೀರಿನ ಮೇಲೆ ಫ್ಯಾನ್ ಬೀಸಿಸುವುದು ಬಡವನ ಚಿಲ್ಲರ್, ಮತ್ತು ಅದು ಒಳ್ಳೆಯ ಉಪಾಯವೇ: ಎರಡು ಲೀಟರ್ ನೀರು ಆರುವಾಗ ಸುಮಾರು 1.3 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖವನ್ನು ಹೊತ್ತೊಯ್ಯುತ್ತದೆ. ಆದರೆ ಕಡಲಗಾಳಿಯ ತೇವದಲ್ಲಿ ನೀರು ಬೇಗ ಆರುವುದಿಲ್ಲ. ಫ್ಯಾನಿನ ಬಲ ಅಷ್ಟಕ್ಕೇ ನಿಲ್ಲುತ್ತದೆ, ಆಮೇಲೆ ಚಿಲ್ಲರೇ ಬೇಕು. 150 ವ್ಯಾಟಿನ ಸಣ್ಣ ಚಿಲ್ಲರ್ ದಿನಕ್ಕೆ 12 ಗಂಟೆ ಓಡಿದರೆ ಎರಡು ತಿಂಗಳಿಗೆ 108 ಯೂನಿಟ್. ತಮಿಳುನಾಡು ಸರ್ಕಾರ ಮನೆಗಳಿಗೆ ಎರಡು ತಿಂಗಳಿಗೊಮ್ಮೆ ಉಚಿತವಾಗಿ ಕೊಡುವ 100 ಯೂನಿಟ್ಟನ್ನು ಈ ಒಂದು ಪೆಟ್ಟಿಗೆಯೇ ನುಂಗಿಹಾಕುತ್ತದೆ. ಅಂಗಡಿಯವರು ಬರೆದುಕೊಡುವ ಬಜೆಟ್ಟಿನಲ್ಲಿ ಈ ಸಾಲು ಎಲ್ಲಿಯೂ ಇರುವುದಿಲ್ಲ. ಅಲ್ಲಿರುವುದು ಕೊಳ್ಳುವ ದಿನದ ಖರ್ಚು ಮಾತ್ರ.

ಮನೆ ಬಾಗಿಲಲ್ಲೇ ಬಂಗಾಳ ಕೊಲ್ಲಿ ಇರುವಾಗ ಉಪ್ಪಿಗೇಕೆ ದುಡ್ಡು ಎಂಬ ಪ್ರಶ್ನೆ ಸಹಜ. ಮರೀನಾದಿಂದಲೋ ಬೆಸಂಟ್ ನಗರದಿಂದಲೋ ಎರಡು ಕ್ಯಾನ್ ತುಂಬಿ ತಂದರೆ ಸಾಲದೇ? ಸಾಲದು. ಕೂವಂ ಮತ್ತು ಅಡಯಾರು ನದಿಗಳು ನಗರದ ಕೊಳಚೆಯನ್ನು ಹೊತ್ತು ಈ ದಡದಲ್ಲೇ ಕಡಲು ಸೇರುತ್ತವೆ. ಈಶಾನ್ಯ ಮಾರುತದ ಮಳೆಯಲ್ಲಿ ದಡದ ನೀರಿನ ಉಪ್ಪು ಇಳಿಯುತ್ತದೆ, ಕೆಸರು ಏರುತ್ತದೆ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ಬೆನ್ನಿಗೆ ಎಣ್ಣೂರಿನ ಹಿನ್ನೀರಿನಲ್ಲಿ ಎಣ್ಣೆ ಹರಡಿದ್ದನ್ನು ಕಂಡವರು ದಡದ ನೀರನ್ನು ಹವಳಕ್ಕೆ ಹಾಕುವ ಧೈರ್ಯ ಮಾಡಲಾರರು. ಆದ್ದರಿಂದ ಅಳೆದು ಬೆರೆಸುವ ಉಪ್ಪಿನ ಪುಡಿಯೇ ಗತಿ, ಅದಕ್ಕೆ ಶುದ್ಧ ನೀರೂ ಬೇಕು. ಮೀಂಜೂರು ಮತ್ತು ನೆಮ್ಮೇಲಿಯ ಸ್ಥಾವರಗಳಲ್ಲಿ ಕಡಲ ನೀರಿನ ಉಪ್ಪು ತೆಗೆದು ಕುಡಿಯುವ ಊರಿದು. 2019ರ ಬೇಸಿಗೆಯಲ್ಲಿ ಕೊಡ ನೀರಿಗೆ ಲಾರಿ ಕಾದ ಊರು. ಅಂಥಲ್ಲಿ ಒಂದು ಲೀಟರ್ ಆರ್‌ಓ ನೀರಿಗೆ ಎರಡು ಮೂರು ಲೀಟರ್ ಚರಂಡಿಗೆ ಬಿಡುವುದು ಸಣ್ಣ ಮಾತಲ್ಲ. ಆ ನೀರನ್ನು ಹಿಡಿದಿಟ್ಟು ನೆಲ ಒರೆಸಲು ಬಳಸುವುದೂ ಈ ಹವ್ಯಾಸದ ಲೆಕ್ಕದೊಳಗೇ ಬರಬೇಕು. ರುಚಿಗಾಗಿ ಖನಿಜ ಮರಳಿ ಸೇರಿಸುವ ಅಡುಗೆಮನೆಯ ಫಿಲ್ಟರ್ ಇಲ್ಲಿ ಉಪಯೋಗಕ್ಕೆ ಬಾರದು ಎಂಬುದನ್ನೂ ಮೊದಲೇ ಹೇಳಬೇಕು. ತೊಟ್ಟಿಯಲ್ಲಿ ಪಾಚಿ ತುಂಬಿಕೊಂಡ ಮೇಲೆ ಹೇಳಿ ಪ್ರಯೋಜನವಿಲ್ಲ.

ಇವೆಲ್ಲಕ್ಕಿಂತ ಗಂಭೀರವಾದ ಉಳಿತಾಯವೊಂದಿದೆ. ಅದು ಅಪರಾಧವೂ ಹೌದು. ವಿದೇಶದ ವಿಡಿಯೋಗಳಲ್ಲಿ ಕಾಣುವ ಕವಲುಕೊಂಬಿನ ಗಟ್ಟಿ ಹವಳಗಳು 2001ರಿಂದ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಕಡಲ ಬೀಸಣಿಗೆ, ಕಡಲ್ಗುದುರೆಗಳೂ ಅದೇ ಪಟ್ಟಿಯಲ್ಲಿವೆ. ಹುಲಿಗೆ ಇರುವಷ್ಟೇ ರಕ್ಷಣೆ ಹವಳಕ್ಕೂ ಇದೆ. ‘ಲೈವ್ ರಾಕ್’ ಎಂದು ಮಾರುವ ಕಲ್ಲು ಕಡಲಿನಿಂದ ಕಿತ್ತ ಹವಳದ ಅಸ್ಥಿಯಾಗಿದ್ದರೆ ಅದೂ ಈ ಕಾಯ್ದೆಯ ಕೈಯಿಂದ ತಪ್ಪಿಸಿಕೊಳ್ಳುವುದಿಲ್ಲ. ಒಂದು ತೊಟ್ಟಿಗೆ ನಾಲ್ಕು ಕಲ್ಲು ತಂದರೆ ಕಡಲಿಗೇನು ಕೊರತೆ ಎನ್ನುವವರಿದ್ದಾರೆ. ಬಿಸಿಯಾಗುತ್ತಿರುವ ಕಡಲು ಮಾಡುವ ಹಾನಿಯ ಮುಂದೆ ಹವ್ಯಾಸಿಯ ಪಾಲು ಚಿಕ್ಕದು ಎಂಬುದು ನಿಜವೇ. ಆದರೆ ಮನ್ನಾರ್ ಕೊಲ್ಲಿಯಲ್ಲಿ ಸುಣ್ಣಕ್ಕೆಂದು ಹವಳ ಅಗೆದವರೂ ಬುಟ್ಟಿ ಬುಟ್ಟಿಯಾಗಿಯೇ ಅಗೆದರು. 1986ರಲ್ಲಿ ರಾಷ್ಟ್ರೀಯ ಉದ್ಯಾನವಾದ ಅಲ್ಲಿನ 21 ದ್ವೀಪಗಳಲ್ಲಿ ಎರಡು ಈಗ ನೀರಿನ ಮೇಲೆ ಕಾಣಿಸುವುದಿಲ್ಲ. ಶಾಖದಿಂದ ಸೊರಗಿದ ಹವಳದಿಬ್ಬಕ್ಕೆ ಚೇತರಿಸಿಕೊಳ್ಳಲು ಉಳಿದಿರುವ ಒಂದೊಂದು ತುಂಡೂ ಬೇಕು. ಹಾನಿ ದೊಡ್ಡದಾದಷ್ಟೂ ಸಣ್ಣ ಕಳವು ಹಗುರವಾಗುವುದಿಲ್ಲ, ಭಾರವಾಗುತ್ತದೆ.

ಮನೆಯಲ್ಲಿ ಹವಳ ಕಂಡ ಮಗುವಿಗೆ ಕಡಲಿನ ಮೇಲೆ ಪ್ರೀತಿ ಹುಟ್ಟುತ್ತದೆ ಎಂಬ ಆಕ್ಷೇಪಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಈ ಊರಿಗೆ ಆ ಪರಂಪರೆಯೂ ಇದೆ. ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯ 1909ರಲ್ಲೇ ಮರೀನಾದಲ್ಲಿ ಸಾರ್ವಜನಿಕ ಅಕ್ವೇರಿಯಂ ತೆರೆದಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅದು ಮುಚ್ಚಿಹೋಯಿತು. ನಮ್ಮವರಲ್ಲಿ ಮುರ್ಡೇಶ್ವರದಾಚೆಯ ನೇತ್ರಾಣಿಯಲ್ಲಿ ಮುಳುಗಿ ಹವಳ ನೋಡಿ ಬಂದವರು ಎಷ್ಟು ಮಂದಿ? ತೊಟ್ಟಿಯೇ ಹೆಚ್ಚಿನವರಿಗೆ ಕಡಲಿನ ಕಿಟಕಿ. ಆದರೆ ತಿಂಗಳೊಳಗೆ ಮೀನು ಸತ್ತು ತೇಲುವ ಕಿಟಕಿಯಿಂದ ಮಗು ಕಲಿಯುವುದೇನು? ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಆ ಖಾಲಿ ತೊಟ್ಟಿಯ ಕಾಯುವಿಕೆಗೆ ಒಂದು ಪೈಸೆಯೂ ಖರ್ಚಿಲ್ಲ. ಜನ ತಪ್ಪಿಸುವುದು ಮಾತ್ರ ಅದನ್ನೇ.

ಹಾಗಾದರೆ ಇದು ಉಳ್ಳವರ ಹವ್ಯಾಸವೇ ಎಂದು ಕೇಳಿದರೆ, ಆಸೆಯನ್ನು ಇಳಿಸಿಕೊಂಡವರ ಹವ್ಯಾಸ ಎನ್ನುತ್ತೇನೆ. ಸುಮಾರು 100 ಲೀಟರಿನ ಸಾದಾ ಗಾಜಿನ ತೊಟ್ಟಿ, ಹವಳದ ಬದಲು ರಂಧ್ರಗಳಿರುವ ಸೆರಾಮಿಕ್ ಕಲ್ಲು, ನೀರು ಸುತ್ತಿಸುವ ಒಂದು ಪಂಪು, ಒಂದು ಫ್ಯಾನು, ಕರೆಂಟು ಹೋದಾಗ ಓಡುವ ಬ್ಯಾಟರಿ ಏರ್‌ಪಂಪ್, ಲವಣಾಂಶ ಅಳೆಯುವ ರಿಫ್ರಾಕ್ಟೋಮೀಟರ್. ಕೊನೆಯ ಎರಡರಲ್ಲಿ ಉಳಿಸಹೊರಟರೆ ಆನೆ ಕೊಂಡು ಅಂಕುಶಕ್ಕೆ ಚೌಕಾಸಿ ಮಾಡಿದಂತಾಗುತ್ತದೆ. ವಾರಕ್ಕೆ 10 ಲೀಟರ್ ನೀರು ಬದಲಿಸಿದರೆ ಬೇಕಾಗುವ ಉಪ್ಪು 350 ಗ್ರಾಂ, ವರ್ಷಕ್ಕೆ 18 ಕಿಲೋ. ರಾತ್ರಿ ಏಸಿ ಹಾಕುವ ಕೋಣೆಯಿದ್ದರೆ ತೊಟ್ಟಿ ಅಲ್ಲೇ ಇರಲಿ. ಜೀವಿಗಳಲ್ಲಿ, ಇನ್ನೊಬ್ಬ ಹವ್ಯಾಸಿಯ ತೊಟ್ಟಿಯಲ್ಲೇ ಹಬ್ಬಿದ ಜೋಯಾಂಥಿಡ್ ಅಥವಾ ಮಶ್ರೂಮ್ ಎಂಬ ಮೆದು ಜೀವಿಗಳ ತುಂಡುಗಳು: ಗಟ್ಟಿ ಹವಳದ ಗುಂಪಿಗೆ ಸೇರದವು, 28 ಡಿಗ್ರಿಗೆ ಹೆದರದವು, ದುಬಾರಿ ದೀಪ ಕೇಳದವು. ಜೋಯಾಂಥಿಡ್‌ಗಳಲ್ಲಿ ಕೆಲವು ಕಡು ವಿಷವುಳ್ಳವು, ಬರಿಗೈಯಲ್ಲಿ ಕತ್ತರಿಸಬಾರದು. ಅವುಗಳ ಜೊತೆಗೆ ಎರಡೇ ಎರಡು ಕ್ಲೌನ್ ಮೀನು, ಹ್ಯಾಚರಿಯಲ್ಲಿ ಹುಟ್ಟಿದವು. ನೀಲಿ ಟ್ಯಾಂಗ್ ಬೇಡ. ಅದು ಒಂದಡಿ ಬೆಳೆಯುವ, ಅಲೆದಾಡುವ ಮೀನು.

ಕ್ಲೌನ್ ಮೀನನ್ನೇ ಹೇಳುವುದು ಅದರ ಚೆಲುವಿಗಲ್ಲ. ಮಂಡಪಂನ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರದಲ್ಲಿ, ಪರಂಗಿಪೇಟೆಯ ಅಣ್ಣಾಮಲೈ ವಿಶ್ವವಿದ್ಯಾಲಯದ ಕಡಲಜೀವಿ ಕೇಂದ್ರದಲ್ಲಿ ಅದನ್ನು ಮರಿ ಮಾಡಿಸುವ ವಿಧಾನ ಸಿದ್ಧವಾಗಿ ವರ್ಷಗಳೇ ಆದವು. ಜೋಡಿ ಒಗ್ಗಿದರೆ ಹೆಂಚಿನ ತುಂಡಿನ ಮೇಲೂ ಮೊಟ್ಟೆಯಿಡುತ್ತದೆ, ಗಂಡು ಕಾಯುತ್ತದೆ, ಸುಮಾರು ಒಂದು ವಾರಕ್ಕೆ ಮರಿ ಹೊರಬರುತ್ತದೆ. ಕಷ್ಟವಿರುವುದು ಮುಂದಿನ ಹತ್ತು ದಿನ: ಕಣ್ಣಿಗೆ ಕಾಣದಷ್ಟು ಸಣ್ಣ ರೋಟಿಫರ್‌ಗಳನ್ನು ಪಾಚಿ ತಿನ್ನಿಸಿ ಬೆಳೆಸಿ ಆ ಮರಿಗಳಿಗೆ ಉಣಿಸಬೇಕು. ಅರ್ಟೀಮಿಯಾ ಎಂಬ ಪುಟ್ಟ ಸಿಗಡಿಯ ಮೊಟ್ಟೆಯೊಡೆಸಿ ಏಂಜೆಲ್ ಮರಿಗಳನ್ನು ಸಾಕುವ ಕೊಳತ್ತೂರಿನ ಕೈಗಳಿಗೆ ಅದು ಬಾರದ ವಿದ್ಯೆಯಲ್ಲ. ಅದು ಅಲ್ಲಿ ಬೇರೂರಬೇಕಾದರೆ ಗಿರಾಕಿ ದರ ಕೇಳುವ ಮೊದಲು ಇದು ಹುಟ್ಟಿದ್ದು ಎಲ್ಲಿ ಎಂದು ಕೇಳಬೇಕು, ಕಡಲಿನಲ್ಲಿ ಹಿಡಿದದ್ದಕ್ಕಿಂತ ಹೆಚ್ಚು ಕೇಳಿದರೂ ಹ್ಯಾಚರಿಯ ಮೀನಿಗೆ ಕೊಡಬೇಕು.