ಗಡ್ಡೆ ನಿಂತಿತು, ಆಯುಸ್ಸು ಬೆಳೆಯಿತೇ?

'ವಿರಳ ಕ್ಯಾನ್ಸರ್‌ಗೆ ಹಳೆಯ ಔಷಧ ಫಲಿಸಿತು' ಎಂಬ ಸುದ್ದಿ ಓದಿದ ಮೋರಖಂಡಿಯ ರೈತರೊಬ್ಬರು ಊರಿನ ವಿಜ್ಞಾನ ಶಿಕ್ಷಕರನ್ನು ಕೇಳುತ್ತಾರೆನ್ನಿ: "ತೊಗರಿ ಹೊಲ ಮಾರಿಯಾದರೂ ಆ ಮಾತ್ರೆ ತರೋಣವೇ, ಗುರುಗಳೇ?" ಉತ್ತರಿಸಲು 'ಫಲಿಸಿತು' ಎಂಬ ಪದವನ್ನೇ ಮೊದಲು ಪರೀಕ್ಷಿಸಬೇಕು.

ಪಜೋಪನಿಬ್ ಮಾತ್ರೆಯನ್ನು ನೋಡೋಣ. ಗಡ್ಡೆಗೆ ಹೊಸ ರಕ್ತನಾಳಗಳು ಬೆಳೆಯದಂತೆ ತಡೆಯುವ ಇದಕ್ಕೆ ಅಮೆರಿಕದಲ್ಲಿ 2009ರಲ್ಲಿ ಮೂತ್ರಪಿಂಡದ ಕ್ಯಾನ್ಸರ್‌ಗಾಗಿ ಒಪ್ಪಿಗೆ ದೊರೆಯಿತು. ಸ್ನಾಯು, ಕೊಬ್ಬು, ನಾರಿನಂಥ ಮೃದು ಅಂಗಾಂಶಗಳಲ್ಲಿ ಹುಟ್ಟುವ ಸಾರ್ಕೋಮಕ್ಕೂ ಇದು ಆದೀತೇ ಎಂದು ತಿಳಿಯಲು 'ಪ್ಯಾಲೆಟ್' ಎಂಬ ಪರೀಕ್ಷೆ ನಡೆಯಿತು. ವಯಸ್ಕರ ಕ್ಯಾನ್ಸರ್‌ಗಳಲ್ಲಿ ಸಾರ್ಕೋಮದ ಪಾಲು ಸುಮಾರು ಶೇಕಡ 1 ಮಾತ್ರ. ಹಾಗಾಗಿ 369 ರೋಗಿಗಳನ್ನು ಕೂಡಿಸಲು 13 ದೇಶಗಳ 72 ಆಸ್ಪತ್ರೆಗಳು ಬೇಕಾದವು. ಯಾದೃಚ್ಛಿಕವಾಗಿ ಆರಿಸಿ 246 ಮಂದಿಗೆ ಔಷಧವನ್ನೂ 123 ಮಂದಿಗೆ ಹುಸಿಮಾತ್ರೆಯನ್ನೂ ಕೊಟ್ಟರು. ಇವರೆಲ್ಲ ಅದಾಗಲೇ ಕೀಮೋಥೆರಪಿ ಪಡೆದಿದ್ದವರು.

ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ರೋಗ ಮುಂದುವರಿಯದೆ ನಿಂತ ಅವಧಿಯ ಮಧ್ಯಾಂಕ ಹುಸಿಮಾತ್ರೆಯವರಲ್ಲಿ 1.6 ತಿಂಗಳು, ಔಷಧ ಪಡೆದವರಲ್ಲಿ 4.6 ತಿಂಗಳು. ಅದೇ ವರ್ಷ ಅಮೆರಿಕ ಸಾರ್ಕೋಮಕ್ಕೂ ಒಪ್ಪಿಗೆ ನೀಡಿತು. ಆದರೆ ಬದುಕಿದ್ದ ಅವಧಿಯ ಮಧ್ಯಾಂಕ 10.7 ಮತ್ತು 12.5 ತಿಂಗಳು. ಈ ಅಂತರ ಕೇವಲ ಆಕಸ್ಮಿಕವಲ್ಲ ಎನ್ನಲು ಸಂಖ್ಯಾಶಾಸ್ತ್ರದ ಆಧಾರ ಸಾಲಲಿಲ್ಲ. ದಣಿವು, ಭೇದಿ, ವಾಕರಿಕೆ, ಏರಿದ ರಕ್ತದೊತ್ತಡ ಜೊತೆಗೆ ಬಂದವು.

ಪರೀಕ್ಷೆ ವ್ಯರ್ಥವೆಂದು ಇದರ ಅರ್ಥವಲ್ಲ. ಬೇರೆ ದಾರಿ ಕಾಣದ ರೋಗಿಗೆ ಮೂರು ತಿಂಗಳ ತಡೆಯೂ ದೊಡ್ಡದೇ. ನಮ್ಮ ಆಕ್ಷೇಪ, ಮೊದಲ ಅಂಕಿಯನ್ನು ಸಾರಿ ಎರಡನೆಯದನ್ನು ಮರೆಸುವ ಬರವಣಿಗೆಯ ಬಗ್ಗೆ. ಇನ್ನೊಂದು ಕೊರತೆಯೂ ಇದೆ. ಸಾರ್ಕೋಮದಲ್ಲಿ 50ಕ್ಕೂ ಹೆಚ್ಚು ಬಗೆಗಳಿವೆ. ಕೊಬ್ಬಿನ ಅಂಗಾಂಶದ ಲೈಪೋಸಾರ್ಕೋಮದವರನ್ನು ಈ ಪರೀಕ್ಷೆಗೆ ಸೇರಿಸಿರಲೇ ಇಲ್ಲ. 'ಸಾರ್ಕೋಮಕ್ಕೆ ಮದ್ದು' ಎಂಬ ಶೀರ್ಷಿಕೆ ಅವರಿಗೆ ಹೇಗೆ ಅನ್ವಯಿಸೀತು? ಇಮ್ಯಾಟಿನಿಬ್‌ನ ಕಥೆ ಬೇರೆ. 2001ರಲ್ಲಿ ರಕ್ತದ ಕ್ಯಾನ್ಸರ್‌ಗೆ ಬಂದ ಅದು 2002ರಲ್ಲಿ ಜಠರ-ಕರುಳಿನ 'ಜಿಸ್ಟ್' ಗಡ್ಡೆಗೂ ಒಪ್ಪಿಗೆ ಪಡೆಯಿತು. ಆ ಗಡ್ಡೆಗಳಲ್ಲಿ ಹೆಚ್ಚಿನವನ್ನು ಬೆಳೆಸುವ ಕಿಟ್ ಎಂಬ ಪ್ರೋಟೀನನ್ನೇ ಅದು ತಡೆಯುತ್ತದೆ; ಬೀಗ ಯಾವುದೆಂದು ಮೊದಲೇ ಗೊತ್ತಿತ್ತು.

ಮಾತ್ರೆ ಬೇಕೋ ಬೇಡವೋ ಎಂದು ಶಿಕ್ಷಕರು ತೀರ್ಮಾನಿಸಲಾಗದು. ಆದರೆ ಕಲಬುರಗಿಗೋ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಹೊರಟವರಿಗೆ ಮೂರು ಪ್ರಶ್ನೆ ಬರೆದುಕೊಡಬಹುದು: ಇದು ಯಾವ ಬಗೆಯ ಸಾರ್ಕೋಮ? ಈ ಔಷಧದಿಂದ ನಿಲ್ಲುವುದು ಗಡ್ಡೆಯೋ, ಬೆಳೆಯುವುದು ಆಯುಸ್ಸೋ? ಆ ದಿನಗಳು ಹೇಗಿರುತ್ತವೆ? ಹೊಲದ ಮಾತು ಆಮೇಲೆ.